ಅಡುಗೆಮನೆಯ ಬಿಳಿ ಬಿಲ್ಲೆ

2025ರ ಮಾರ್ಚ್ 15, ಶನಿವಾರ. ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ.

ಬೇ ಏರಿಯಾದ ದಕ್ಷಿಣ ಅಂಚಿನ ಒಂದು ಅಪಾರ್ಟ್‌ಮೆಂಟು. ಮೂರನೆಯ ಮಹಡಿಯ ಬಾಗಿಲನ್ನು ಇಬ್ಬರು ಪೊಲೀಸರು ತಟ್ಟಿದರು. ತೆರೆದವನು ಸಿದ್ಧಾರೂಢ. ಚಿಪ್ ಡಿಸೈನ್ ಮಾಡುವ ಎಂಜಿನಿಯರು, ಬಾಗಲಕೋಟೆಯವನು. ಅವನ ಕಾಲಿಗೆ ಎರಡೂವರೆ ವರ್ಷದ ಮಗಳು ಲಾಸ್ಯಾ ಅಂಟಿಕೊಂಡಿದ್ದಳು. ಹೆಂಡತಿ ಸ್ನೇಹಲ್ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಶನಿವಾರದ ಪಾಳಿಗೆ ಹೋಗಿದ್ದಳು.

"ಈ ಮನೆಯಲ್ಲಿ ಯಾರನ್ನೋ ಹೊಡೆಯುವ ಸದ್ದು ದಾಖಲಾಗಿದೆ," ಎಂದರು ಪೊಲೀಸರು. "ಐದು ಸಲ."

"ಹೊಡೆಯೋದಾ? ನಾನು ಬ್ರೆಡ್ ಮಾಡ್ತಿದ್ದೆ." ರೊಟ್ಟಿಗೆ ಆ ಕ್ಷಣ ಹೊಳೆದ ಇಂಗ್ಲಿಷು ಅದೇ.

ಪೊಲೀಸರು ಓವನ್ ಮುಟ್ಟಿ ನೋಡಿದರು. ತಣ್ಣಗಿತ್ತು. ಲಟ್ಟಣಿಗೆ ಹುಡುಕಿದರು. ಇರಲಿಲ್ಲ. ಬಟ್ಟೆ ಮುಚ್ಚಿಟ್ಟಿದ್ದ ಐದು ರೊಟ್ಟಿಗಳು ಅವರ ಕಣ್ಣಿಗೆ ಅಂಗಡಿಯಿಂದ ತಂದ ಟೋರ್ಟಿಯಾ ಚಪಾತಿಗಳಂತೆ ಕಂಡವು. ಸಿದ್ಧಾರೂಢ ಅಂಗೈ ಅಗಲಿಸಿ ಕಟ್ಟೆಯ ಮೇಲೆ ಬಡಿದು ತೋರಿಸಿದ. ಹೀಗೆ, ನೋಡಿ, ಹೀಗೆ. ಪೊಲೀಸರ ಎದೆಯ ಮೇಲಿನ ಕ್ಯಾಮೆರಾ ಅದನ್ನೂ ತೆಗೆದುಕೊಂಡಿತು. ವರದಿಯಲ್ಲಿ ಒಂದು ಸಾಲು ಸೇರಿತು: 'ಹೊಡೆದ ಬಗೆಯನ್ನು ಆರೋಪಿ ತಾನೇ ಮಾಡಿ ತೋರಿಸಿದ.'

ಆಮೇಲೆ ಮಗುವಿನ ಅಂಗಿ ಎತ್ತಿ ನೋಡಿದರು. ಸೊಂಟದ ಹಿಂದೆ ಬೂದುನೀಲಿ ಮಚ್ಚೆಯಿತ್ತು. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಅದನ್ನು ಹೊತ್ತುಕೊಂಡೇ ಹುಟ್ಟುತ್ತಾರೆ. ಪೊಲೀಸರು ಅದನ್ನು ಪೆಟ್ಟಿನ ಗುರುತು ಎಂದು ಬರೆದುಕೊಂಡರು.

ಸ್ನೇಹಲ್ ಫ್ರೀವೇಯಲ್ಲಿ ಕಾರು ಓಡಿಸಿಕೊಂಡು ಬರುವಷ್ಟರಲ್ಲಿ ಗಂಡ ಠಾಣೆಯಲ್ಲಿದ್ದ. ಮಗುವನ್ನು ಕೌಂಟಿಯ, ಎಂದರೆ ಜಿಲ್ಲಾಡಳಿತದ, ಮಕ್ಕಳ ರಕ್ಷಣಾ ಇಲಾಖೆಯವರು ಕರೆದೊಯ್ದಿದ್ದರು. ಎಲ್ಲಿಗೆಂದು ಅವಳಿಗೆ ಹೇಳುವಂತಿರಲಿಲ್ಲವಂತೆ. ನಿಯಮ.

* * *

ಮೆಹ್ರೀನಳ ಕಸುಬು ಖಾಸಗಿ ಪತ್ತೇದಾರಿಕೆ. ಲಾಯರುಗಳು ಕರೆದರೆ ಹೋಗುತ್ತಾಳೆ. ಹುಬ್ಬಳ್ಳಿಯಲ್ಲಿ ಹುಟ್ಟಿ, ಧಾರವಾಡದಲ್ಲಿ ಭೌತಶಾಸ್ತ್ರ ಓದಿದವಳು. ಇಲ್ಲಿಗೆ ಬಂದ ಮೇಲೆ ಶ್ರವಣಯಂತ್ರ ಮಾಡುವ ಕಂಪನಿಯೊಂದರಲ್ಲಿ ವರ್ಷಾನುಗಟ್ಟಲೆ ಸದ್ದುಗಳನ್ನು ಅಳೆದಿದ್ದಳು. ಹೇಳಿದ್ದನ್ನು ನಂಬುವ ಅಭ್ಯಾಸ ಅಲ್ಲಿಯೇ ಹೋಯಿತು.

ಸಿದ್ಧಾರೂಢನ ಲಾಯರು ಹರ್ಷಿತಾ ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ. ಆಡುವಾಗ ಅರ್ಧಕ್ಕರ್ಧ ಇಂಗ್ಲಿಷು.

"ಕಂಪ್ಲೇಂಟು ಕೊಟ್ಟವರ್ಯಾರು?" ಮೆಹ್ರೀನ್ ಕೇಳಿದಳು.

"ನೋಬಡಿ. ಸೀಲಿಂಗು."

"ಏನು?"

ಹರ್ಷಿತಾ ಫೋಟೋ ತೋರಿಸಿದಳು. ಅಡುಗೆಮನೆಯ ಸೂರಿಗೆ ಅಂಟಿದ ಬಿಳಿ ಬಿಲ್ಲೆ. ಹೊಗೆ ಎದ್ದರೆ ಕೂಗಿಕೊಳ್ಳುವ ಯಂತ್ರ. ಕಂಪನಿಯ ಹೆಸರು ಕಿನ್‌ವಾರ್ಡ್. ಹೋದ ವರ್ಷ ಅಪಾರ್ಟ್‌ಮೆಂಟಿನ ಮಾಲೀಕರು ಪ್ರತಿ ಮನೆಗೂ ಹಾಕಿಸಿದ್ದರು. ಹೊಗೆಯ ಜೊತೆಗೆ ಅದು 'ಮನೆಯೊಳಗಿನ ಅಪಾಯ'ವನ್ನೂ ಗುರುತಿಸುತ್ತದೆ. ಗುರುತಿಸಿದ್ದನ್ನು ಕೌಂಟಿಗೆ ಕಳುಹಿಸುತ್ತದೆ. ಇದು ಪ್ರಾಯೋಗಿಕ ಯೋಜನೆ.

"ಇದರಾಗ ಮೈಕ್ ಇದೆ ಅಂತ ಬಾಡಿಗೆದಾರರಿಗೆ ಹೇಳಿದ್ರಾ?"

"ಮೈಕ್ ಅನ್ನೋ ವರ್ಡೇ ಇಲ್ಲ. 'ಧ್ವನಿ ಸಂವೇದಿ ಘಟಕ' ಅಂತ ಇದೆ."

"ಅಂದ್ರೆ ಮೈಕು."

"ಯೆಸ್. ಅಂದ್ರೆ ಮೈಕು."

"ವಾರಂಟು?"

"ಬೇಡವಂತೆ. ಕೌಂಟಿಯವರು ಹೇಳ್ತಾರೆ, ನಾವು ಕೇಳಲಿಲ್ಲ, ಕಂಪನಿ ತಾನಾಗಿ ಕೊಡ್ತು. ಕಂಪನಿಯವರು ಹೇಳ್ತಾರೆ, ನಾವು ಯಾರನ್ನೂ ಅರೆಸ್ಟ್ ಮಾಡಿಲ್ಲ, ಕೌಂಟಿ ಮಾಡ್ತು."

"ಹಂಗಾರೆ ಕೂಸನ್ನ ಎತ್ಕೊಂಡು ಹೋದವರ್ಯಾರು? ಗಾಳಿಯಾ?"

ಮೆಹ್ರೀನ್ ಕೋಪ ನುಂಗಿಕೊಂಡಳು. ಕೋಪ ಬಂದಾಗ ಕಿವಿ ಸರಿಯಾಗಿ ಕೇಳುವುದಿಲ್ಲ ಎಂಬುದು ಅವಳ ಅನುಭವ.

ಮಚ್ಚೆಯನ್ನು ನೋಡಿದ ವೈದ್ಯರು ಹುಟ್ಟಿನಿಂದ ಬಂದದ್ದಿರಬಹುದು ಎಂದು ಬರೆದಿದ್ದರು. ಆದರೆ ಅದರ ಕೆಳಗೇ ಇನ್ನೊಂದು ಮಾತು: 'ಧ್ವನಿಯ ಸಾಕ್ಷ್ಯವಿರುವುದರಿಂದ ಖಚಿತವಾಗಿ ಹೇಳಲಾಗದು.' ಇಡೀ ಕೇಸು ಆ ಸದ್ದಿನ ಮೇಲೆ ನಿಂತಿತ್ತು. ಏಪ್ರಿಲ್ 3, ಗುರುವಾರ, ವಿಚಾರಣೆ. ಸೋತರೆ ಲಾಸ್ಯಾ ಕಡಿಮೆಯೆಂದರೂ ಆರು ತಿಂಗಳು ಅಪರಿಚಿತರ ಮನೆಯಲ್ಲಿ ಬೆಳೆಯಬೇಕು.

"ಅದು ರೊಟ್ಟಿ ಸದ್ದು ಅಂತ ಹೇಳಿದ್ದೀರಲ್ಲ?"

"ಹೇಳಿದೆ. ಕಂಪನಿ ಆನ್ಸರ್ ಓದಿ."

ಮೆಹ್ರೀನ್ ಓದಿದಳು. 'ಉತ್ತರ ಕರ್ನಾಟಕದಲ್ಲಿ ಹುಟ್ಟಿ ಬೆಳೆದ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಪೂರ್ತಿ ಧ್ವನಿಮುದ್ರಣವನ್ನು ಆಲಿಸಿದ್ದಾರೆ. ಇದು ರೊಟ್ಟಿ ಮಾಡುವ ಸದ್ದಲ್ಲವೆಂದು ಅವರು ದೃಢಪಡಿಸಿದ್ದಾರೆ.' ಹೆಸರಿರಲಿಲ್ಲ.

* * *

ಕೋರ್ಟಿಗೆ ಕಂಪನಿ ಕೊಟ್ಟದ್ದು ಐದು ತುಣುಕುಗಳು. ಮೆಹ್ರೀನ್ ಹೆಡ್‌ಫೋನ್ ಹಾಕಿಕೊಂಡು ಕುಳಿತಳು.

ದಪ್, ದಪ್, ದಪ್, ದಪ್. ಅಂಗೈ ಯಾವುದಕ್ಕೋ ಬೀಳುವ ಸದ್ದು. ಆಮೇಲೆ ಮೌನ. ತುಣುಕು ಮುಗಿಯಿತು.

ಎರಡನೆಯದೂ ಹಾಗೆಯೇ. ಐದೂ ಹಾಗೆಯೇ. ಬಡಿತ, ಮೌನ, ಅಂತ್ಯ.

ರೊಟ್ಟಿಯಾಗಿದ್ದರೆ ಬಡಿತದ ಹಿಂದೆಯೇ ಇನ್ನೊಂದು ಸದ್ದು ಬರಬೇಕು. ಕಾದ ಹಂಚಿನ ಮೇಲೆ ರೊಟ್ಟಿ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿದಾಗ ಏಳುವ ಸದ್ದು. ಚುರ್ರ್. ಅದನ್ನು ಕೇಳುತ್ತಲೇ ಅವಳು ಬೆಳೆದಿದ್ದಳು. ಐದರಲ್ಲಿ ಒಂದರಲ್ಲೂ ಅದಿರಲಿಲ್ಲ.

ಹಾಗಾದರೆ ಅವನು ಸುಳ್ಳು ಹೇಳುತ್ತಿದ್ದಾನೆಯೇ?

ಅಪಾರ್ಟ್‌ಮೆಂಟಿಗೆ ಹೋದಳು. ಮೊದಲು ತಟ್ಟಿದ್ದು ಕೆಳಮನೆಯ ಬಾಗಿಲು. ಅಲ್ಲಿದ್ದ ಡಾಯ್ಲ್ ಎಂಬ ಮುದುಕ ಮೇಲಿನ ಮನೆಯ ಗದ್ದಲದ ಬಗ್ಗೆ ಎರಡು ಸಲ ದೂರು ಕೊಟ್ಟಿದ್ದ. ಕಂಪನಿ ಅದನ್ನೂ ಸಾಕ್ಷ್ಯವೆಂದು ತೋರಿಸಿತ್ತು. ಮನಸ್ಸಿನಲ್ಲಿ ವಿಷವಿಟ್ಟುಕೊಂಡ ಮನುಷ್ಯನಿರಬೇಕು ಎಂದುಕೊಂಡೇ ಮೆಹ್ರೀನ್ ಒಳಗೆ ಕಾಲಿಟ್ಟಳು.

"ಹೌದು, ದೂರು ಕೊಟ್ಟೆ," ಎಂದ ಡಾಯ್ಲ್. "ಶನಿವಾರ ಬಂದರೆ ದಬದಬ. ಟೀವಿ ಕೇಳುವುದಿಲ್ಲ."

"ಮಗು ಅಳುವುದು?"

"ಇಲ್ಲವೇ ಇಲ್ಲ. ದಬದಬ ನಿಂತ ಮೇಲೆ ಕಿಟಕಿಯಿಂದ ಹಿಟ್ಟು ಸುಟ್ಟ ಒಳ್ಳೆಯ ವಾಸನೆ ಬರುತ್ತದೆ. ನನಗೆ ಹಸಿವಾಗುತ್ತದೆ. ಅದು ಇನ್ನೂ ದೊಡ್ಡ ತೊಂದರೆ."

"ಇದನ್ನು ಪೊಲೀಸರಿಗೆ ಹೇಳಿದಿರಾ?"

"ಯಾರು ಕೇಳಿದರು?"

* * *

ಜಾಮೀನಿನ ಮೇಲೆ ಬಂದಿದ್ದ ಸಿದ್ಧಾರೂಢ ಗಡ್ಡ ಬೋಳಿಸಿರಲಿಲ್ಲ. ಅಡುಗೆಮನೆಯ ಬಿಲ್ಲೆಗೆ ಸ್ನೇಹಲ್ ಟವೆಲ್ ಸುತ್ತಿದ್ದಳು. ಕಿತ್ತರೆ ಮನೆ ಖಾಲಿ ಮಾಡಿಸುತ್ತೇವೆಂದು ಮಾಲೀಕರ ಆಫೀಸಿನಿಂದ ಎಚ್ಚರಿಕೆ ಬಂದಿತ್ತು.

"ರೊಟ್ಟಿ ಬಡೀರಿ," ಎಂದಳು ಮೆಹ್ರೀನ್. "ನಾ ಕೇಳಬೇಕು."

"ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರಿ ಅಕ್ಕಾರ?"

"ಇಲ್ಲ. ನಂಬೂದು ನನ್ನ ಕೆಲಸ ಅಲ್ಲ."

ಸಿದ್ಧಾರೂಢ ತಲೆ ತಗ್ಗಿಸಿದ. "ಹಿಟ್ಟ ಹಳೇದಾಗೇತ್ರಿ. ಜಿಗಿ ಬರಂಗಿಲ್ಲ. ಹರೀತೈತಿ."

"ಹರದ್ರ ಹರೀಲಿ. ತಿನ್ನಾಕ ಬಂದಿಲ್ಲ ನಾ."

"ನಂಗ ರೊಟ್ಟಿ ಬಡ್ಯಾಕ ಬರಂಗಿಲ್ರಿ," ಎಂದಳು ಸ್ನೇಹಲ್, ಗೋಡೆಗೊರಗಿ. "ಈ ಮನ್ಯಾಗ ಗಂಡಸ ಬಡೀತಾನ. ಅದನ್ನ ಹೇಳಿದ್ರ ಆ ಸೋಶಿಯಲ್ ವರ್ಕರು ನನ್ನ ಮಾರಿ ನೋಡಿ ಕೇಳಿದ್ಲು, ನಿಮಗ ಹೆದರಿಸಿ ಹೀಂಗ ಹೇಳಸ್ಯಾರೇನು ಅಂತ."

ಸಿದ್ಧಾರೂಢ ಬಿಸಿನೀರಿನಲ್ಲಿ ಹಿಟ್ಟು ನಾದಿದ. ಉಂಡೆ ಮಾಡಿ ಕಟ್ಟೆಯ ಮೇಲಿಟ್ಟ. ಅಂಗೈ ಬಿತ್ತು. ದಪ್, ದಪ್, ದಪ್. ರೊಟ್ಟಿ ತಿರುಗುತ್ತ ಅಗಲವಾಯಿತು. ಅಂಚು ಎರಡು ಕಡೆ ಹರಿಯಿತು. ಎತ್ತಿ ಹಂಚಿಗೆ ಹಾಕಿದ. ಒದ್ದೆ ಬಟ್ಟೆ ಎಳೆದ.

ಚುರ್ರ್.

ಮೆಹ್ರೀನಳ ರೆಕಾರ್ಡರು ಓಡುತ್ತಿತ್ತು. ಕೊನೆಯ ಬಡಿತಕ್ಕೂ ಚುರ್ರ್‌ಗೂ ನಡುವೆ ಮೂರು ಸೆಕೆಂಡು, ಸ್ವಲ್ಪ ಹೆಚ್ಚುಕಡಿಮೆ. ಅವಳು ಕಂಪನಿಯ ತುಣುಕುಗಳನ್ನು ಲ್ಯಾಪ್‌ಟಾಪಿನಲ್ಲಿ ತೆರೆದಳು. ಕೊನೆಯ ಬಡಿತದ ನಂತರ ಮೌನ. ಆ ಮೌನವೂ ಮೂರು ಸೆಕೆಂಡು, ಸ್ವಲ್ಪ ಹೆಚ್ಚುಕಡಿಮೆ. ಐದರಲ್ಲೂ.

"ಇನ್ನೊಂದ ಬಡೀರಿ," ಎಂದಳು. ದನಿ ಬದಲಾಗಿತ್ತು.

ಮುಂದಿನ ನಾಲ್ಕು ರೊಟ್ಟಿಗಳಲ್ಲೂ ಅದೇ ಅಂತರ ಬಂತು. ಮೆಹ್ರೀನ್ ಕಿನ್‌ವಾರ್ಡಿನ ಜಾಹೀರಾತನ್ನು ಮತ್ತೆ ತೆರೆದು ನೋಡಿದಳು. ಯಂತ್ರ ಅಪಾಯವನ್ನು ಗುರುತಿಸಿದಾಗ ಸರಿಯಾಗಿ ಹತ್ತು ಸೆಕೆಂಡಿನ ತುಣುಕು ಕತ್ತರಿಸುತ್ತದೆ ಎಂದು ಅವರೇ ಹೆಮ್ಮೆಯಿಂದ ಬರೆದಿದ್ದರು. ಕೋರ್ಟಿಗೆ ಕೊಟ್ಟ ತುಣುಕುಗಳೋ, ಒಂದೊಂದು ಒಂದೊಂದು ಉದ್ದ. ಒಂದು ಏಳು ಸೆಕೆಂಡು, ಒಂದು ಒಂಬತ್ತು, ಒಂದು ಆರೂವರೆ.

ಯಂತ್ರದ ಕೈ ನಡುಗುವುದಿಲ್ಲ. ಇದು ಮನುಷ್ಯನ ಕೈ.

ಇನ್ನೊಂದು ಮಾತೂ ಇತ್ತು. ರೊಟ್ಟಿ ಗೊತ್ತಿಲ್ಲದವನಿಗೆ ಚುರ್ರ್ ಎಂಬುದು ಬರೀ ಅಡುಗೆಮನೆಯ ಗದ್ದಲ. ಅದನ್ನು ಅವನು ಯಾಕೆ ಕತ್ತರಿಸುತ್ತಾನೆ? ಅಲ್ಲಿಯೇ ಕತ್ತರಿಸಬೇಕೆಂದು ತಿಳಿದವನಿಗೆ ಅದು ಏನೆಂದು ಗೊತ್ತಿರಲೇಬೇಕು.

"ಕಿನ್‌ವಾರ್ಡಿನಾಗ ನಮ್ಮ ಕಡಿಯವ್ರು ಯಾರರ ಅದಾರೇನು?" ಕೇಳಿದಳು.

ಗಂಡಹೆಂಡತಿ ಮುಖಮುಖ ನೋಡಿಕೊಂಡರು.

"ಮಧುಕರ್ ಸರ್," ಎಂದಳು ಸ್ನೇಹಲ್. "ಧಾರವಾಡದವ್ರು. ಸರಟೋಗಾದಾಗ ಇರ್ತಾರ. ಅಲ್ಲಿ ದೊಡ್ಡ ಹುದ್ದೆ. ಜನವರಿಯಾಗ ಭೋಗಿ ಊಟಕ್ಕ ಬಂದಿದ್ರು. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಎಲ್ಲಾ ಹೊಗಳಿ ಹೊಗಳಿ ಉಂಡ್ರು. ಈ ಕಟ್ಟಿ ಮುಂದ ನಿಂತು ಇವ್ರ ರೊಟ್ಟಿ ಬಡ್ಯೂದನ್ನ ವಿಡಿಯೋ ತಗದ್ರು."

"ಇದೆಲ್ಲಾ ಆದಮ್ಯಾಲೆ ಅವ್ರಿಗೆ ಹೇಳಿದ್ರೇನು?"

"ಹೇಳಿದ್ನಿ," ಎಂದ ಸಿದ್ಧಾರೂಢ. "ಜಾಮೀನ ಸಿಕ್ಕ ಕೂಡ್ಲೆ ಮೊದಲ ಫೋನ್ ಅವ್ರಿಗೇ. ನಮ್ಮವ್ರಲ್ರಿ. ರೆಕಾರ್ಡಿಂಗ್ ನೀವಾ ಒಮ್ಮೆ ಕೇಳ್ರಿ ಸರ್, ಕೇಳಿದ್ರ ನಿಮಗ ತಿಳೀತೈತಿ ಅಂದ್ನಿ. ಕೇಳ್ತೀನಪಾ, ಚಿಂತಿ ಮಾಡಬ್ಯಾಡ ಅಂದ್ರು."

ಮೆಹ್ರೀನ್ ಲ್ಯಾಪ್‌ಟಾಪ್ ಮುಚ್ಚಿದಳು.

ಊರ ಕಡೆಯವನೆಂದು ನಂಬಿ, ಬೀಗದ ಕೈಯನ್ನು ಇವರೇ ತೆಗೆದುಕೊಂಡು ಹೋಗಿ ಕೊಟ್ಟಿದ್ದರು.

* * *

ಏಪ್ರಿಲ್ 2, ಬುಧವಾರ, ಮಧ್ಯಾಹ್ನ. ಹರ್ಷಿತಾಳ ಆಫೀಸು. ಕೋರ್ಟಿನ ಆದೇಶದ ಮೇರೆಗೆ ಕಂಪನಿಯ 'ಹಿರಿಯ ಸಹೋದ್ಯೋಗಿ' ಪ್ರಮಾಣ ಮಾಡಿ ಹೇಳಿಕೆ ಕೊಡಲು ಬಂದಿದ್ದರು. ಇಬ್ಬರು ಲಾಯರುಗಳ ನಡುವೆ, ಇಸ್ತ್ರಿ ಮಾಡಿದ ನೀಲಿ ಅಂಗಿಯಲ್ಲಿ, ಮಧುಕರ್. ಸಿದ್ಧಾರೂಢ, ಸ್ನೇಹಲ್ ಎದುರಿಗೇ ಕುಳಿತಿದ್ದರು. ಮಧುಕರ್ ಆ ಕಡೆ ನೋಡಲಿಲ್ಲ.

ಪ್ರಶ್ನೆ ಕೇಳಿದವಳು ಹರ್ಷಿತಾ. ಪ್ರಶ್ನೆಗಳು ಮೆಹ್ರೀನಳವು. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು.

"ನೀವು ಪೂರ್ತಿ ಧ್ವನಿಮುದ್ರಣ ಕೇಳಿದಿರಾ?"

"ಕೇಳಿದೆ. ಮೊದಲಿನಿಂದ ಕೊನೆಯವರೆಗೆ."

"ಅದು ಈಗ ಎಲ್ಲಿದೆ?"

"ಮೂರು ದಿನದ ನಂತರ ತಾನಾಗಿ ಅಳಿಯುತ್ತದೆ. ಜನರ ಖಾಸಗಿತನವನ್ನು ನಾವು ಗೌರವಿಸುತ್ತೇವೆ."

ಸ್ನೇಹಲ್ ಗಟ್ಟಿಯಾಗಿ ನಕ್ಕುಬಿಟ್ಟಳು. ಕಂಪನಿಯ ಲಾಯರು ಆಕ್ಷೇಪವೆತ್ತಿದ. ಹರ್ಷಿತಾ ಮುಂದುವರಿಸಿದಳು.

"ಇದು ರೊಟ್ಟಿಯ ಸದ್ದಲ್ಲ ಎಂದು ಹೇಗೆ ಹೇಳುತ್ತೀರಿ?"

ಮಧುಕರ್ ಹಿಂದಕ್ಕೊರಗಿದರು. ಗೊತ್ತಿರುವ ಪ್ರಶ್ನೆ ಬಂದಾಗಿನ ನೆಮ್ಮದಿ ಮುಖದ ಮೇಲಿತ್ತು. "ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಾಗ ಜೋರಾಗಿ ಚುರ್ ಎನ್ನುತ್ತದೆ. ನಮ್ಮ ಕಡೆ ಹುಟ್ಟಿದ ಯಾರನ್ನಾದರೂ ಕೇಳಿ. ಇಲ್ಲಿ ಆ ಸದ್ದೇ ಇಲ್ಲ."

"ಪೂರ್ತಿ ಮುದ್ರಣದಲ್ಲಿ ಎಲ್ಲಿಯೂ ಇಲ್ಲವೇ?"

"ಎಲ್ಲಿಯೂ ಇಲ್ಲ."

"ಒಮ್ಮೆಯೂ?"

"ಒಮ್ಮೆಯೂ ಇಲ್ಲ. ಪ್ರಮಾಣ ಮಾಡಿಯೇ ಹೇಳುತ್ತಿದ್ದೇನೆ."

ಹರ್ಷಿತಾ ಮೆಹ್ರೀನಳತ್ತ ನೋಡಿದಳು. ಮೆಹ್ರೀನ್ ಎದ್ದು ಗೋಡೆಯ ಪರದೆಯ ಮೇಲೆ ಐದನೆಯ ತುಣುಕಿನ ಚಿತ್ರ ಮೂಡಿಸಿದಳು. ಬಡಿತಗಳು ಸಾಲುಗೋಪುರಗಳಂತೆ ಎದ್ದಿದ್ದವು. ಆಮೇಲೆ ಬಯಲು. ಬಯಲಿನ ತುತ್ತತುದಿಯಲ್ಲಿ, ಚಿತ್ರ ಮುಗಿಯುವ ಅಂಚಿನಲ್ಲಿ, ಕೂದಲೆಳೆಯಷ್ಟು ತೆಳ್ಳಗಿನ ಒಂದು ಗೀರು.

"ಬರಿಯ ಕಿವಿಗೆ ಇದು ಕೇಳುವುದಿಲ್ಲ," ಎಂದಳು. "ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು. ಈಗ ಎಳೆದು ನಿಧಾನ ಮಾಡಿ ಕೇಳಿಸುತ್ತೇನೆ."

ಸ್ಪೀಕರಿನಿಂದ ಉಸಿರಿನಂಥ ಸದ್ದು ಹೊರಟಿತು. ಏರುತ್ತಿತ್ತು. ಅರ್ಧದಲ್ಲೇ ನಿಂತಿತು.

"ಇದು ಸಿದ್ಧಾರೂಢ ಅವರ ಹಂಚಿನ ಮೇಲೆ ನಾನು ಮುದ್ರಿಸಿಕೊಂಡದ್ದು." ಇನ್ನೊಂದು ಸದ್ದು. ಅದೇ ಏರಿಕೆ. ಎರಡು ಚಿತ್ರಗಳನ್ನು ಅವಳು ಒಂದರ ಮೇಲೊಂದು ಇಟ್ಟಳು. ಗೆರೆಗೆ ಗೆರೆ ಕೂತಿತು.

ಮಧುಕರ್ ನೀರಿನ ಲೋಟ ಎತ್ತಿದರು. ಕುಡಿಯಲಿಲ್ಲ.

"ಯಂತ್ರ ಕತ್ತರಿಸಿದ್ದರೆ ಎಲ್ಲ ತುಣುಕೂ ಹತ್ತು ಸೆಕೆಂಡು ಇರುತ್ತಿತ್ತು," ಮೆಹ್ರೀನ್ ಮುಂದುವರಿಸಿದಳು. "ಹತ್ತು ಸೆಕೆಂಡಿನಲ್ಲಿ ಚುರ್ರ್ ಕೂಡ ಇತ್ತು. ಅದಕ್ಕೇ ಯಾರೋ ಕೂತು, ಕಿವಿಯಿಂದ ಕೇಳುತ್ತ, ಆ ಸದ್ದು ಬರುವ ಹೊತ್ತಿಗೆ ಕತ್ತರಿಸಿದರು. ನಾಲ್ಕು ಸಲ ಬೆರಳು ಸರಿಯಾಗಿ ಬಿತ್ತು. ಐದನೆಯ ಸಲ ಒಂದಿಷ್ಟು ತಡವಾಯಿತು. ಕೊನೆಯ ಬಡಿತಕ್ಕೇ ಕತ್ತರಿಸಿದ್ದರೆ ನನಗೆ ಏನೂ ಸಿಗುತ್ತಿರಲಿಲ್ಲ, ಮಧುಕರ್ ಅವರೇ. ಆದರೆ ನಿಮಗೆ ಆ ಮೌನವೂ ಬೇಕಿತ್ತು. ಬಡಿತ ನಿಂತ ಮೇಲೆ ಮನೆ ಸ್ತಬ್ಧವಾಯಿತು ಎಂದರೆ ಜಡ್ಜ್ ಬೆಚ್ಚಿಬೀಳುತ್ತಾರೆ. ಆ ಮೂರು ಸೆಕೆಂಡಿನ ಆಸೆ ನಿಮ್ಮನ್ನು ಹಿಡಿದುಕೊಟ್ಟಿತು. ಪೂರ್ತಿ ಮುದ್ರಣದಲ್ಲಿ ಚುರ್ರ್ ಒಮ್ಮೆಯೂ ಇಲ್ಲವೆಂದು ನೀವು ಈಗ ತಾನೇ ಪ್ರಮಾಣ ಮಾಡಿದಿರಿ. ಇಲ್ಲಿ ಅದರ ಬಾಲವಿದೆ."

"ಈ ಕಡತವನ್ನು ಯಾರ ಲಾಗಿನ್‌ನಿಂದ ತೆರೆದು ತಿದ್ದಲಾಗಿದೆ ಎಂದು ತಿಳಿಸಲು ಕಂಪನಿಗೆ ಕೋರ್ಟು ಇವತ್ತೇ ಹೇಳಲಿದೆ," ಎಂದಳು ಹರ್ಷಿತಾ.

ಕಂಪನಿಯ ಲಾಯರುಗಳು ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ಒಬ್ಬ ಕುರ್ಚಿಯನ್ನು ಮಧುಕರ್‌ನಿಂದ ಒಂದು ಗೇಣು ಆಚೆ ಸರಿಸಿಕೊಂಡ. ಅದನ್ನು ಎಲ್ಲರೂ ನೋಡಿದರು. ಮಧುಕರ್ ಕೂಡ.

ಆಗ ಅವರ ಬಾಯಿಂದ ಕನ್ನಡ ಬಂತು.

"ನೋಡ್ರಿ ಮೆಹ್ರೀನ್, ನೀವೂ ಸೈನ್ಸ್ ಓದಿದವ್ರು. ಯಂತ್ರ ತಪ್ಪ್ ಮಾಡ್ತದ. ರೊಟ್ಟಿ ಸದ್ದು ಅದಕ್ಕ ಯಾರೂ ಕಲಿಸಿರಲಿಲ್ಲ. ಆದ್ರ ಇದು ನಮ್ಮ ಮೊದಲ್ನೇ ಅರೆಸ್ಟು. ನಾಡದ್ದ ಇಡೀ ಕೌಂಟಿಗೆ ಹಾಕ್ಸೋ ಬಗ್ಗೆ ವೋಟ್ ಅದ. ಇದೊಂದು ಸುಳ್ಳು ಅಂತ ಆದ್ರ ಎಲ್ಲಾ ಮುಗೀತು. ನಾಳೆ ಖರೇನ ಹೊಡಸ್ಕೊಳ್ಳೋ ಕೂಸನ್ನ ಕಾಯೋರ್ಯಾರು?"

"ಈ ಕೂಸು?" ಸಿದ್ಧಾರೂಢ ಕೇಳಿದ. ಆ ಮಧ್ಯಾಹ್ನ ಅವನಾಡಿದ ಮೊದಲ ಮಾತು.

"ಹೆಂಗೂ ವಾಪಸ್ ಬರ್ತಿತ್ತಪಾ. ಮಚ್ಚಿ ಅಂತ ಡಾಕ್ಟರು ಬರದಾರಲ್ಲ. ಒಂದ್ ನಾಲ್ಕ ದಿನ ಹೆಚ್ಚು ಕಮ್ಮಿ..."

"ನಮ್ಮ ಮನ್ಯಾಗ ಉಂಡ್ರಿ," ಎಂದಳು ಸ್ನೇಹಲ್. ಅವಳ ದನಿ ಏರಲಿಲ್ಲ. "ತನ್ನ ಕೈಯಾಗಿನ ತುತ್ತ ನಿಮ್ಮ ಬಾಯಾಗ ಇಟ್ಟಿತ್ತು ಕೂಸು. ಮಾಮಾ, ಆಮ್ ಅಂತ. ಅದರ ದನಿ ಇರಲಿಲ್ಲೇನ್ರಿ ಆ ರೆಕಾರ್ಡಿಂಗಿನಾಗ? ನಾನು ಇಲ್ಲದಾಗ ಅಪ್ಪನ ಹಂತ್ಯಾಕ ಕುಂತು ಹಾಡ್ತಿರತಾಳ ಆಕಿ. ಅದನ್ನೂ ಕತ್ತರಿಸಿದ್ರೇನು?"

ಉತ್ತರ ಕೊಡಬೇಡಿ ಎಂದು ಲಾಯರು ಮಧುಕರ್ ಕಿವಿಯಲ್ಲಿ ಹೇಳಿದ. ಅದೂ ಒಂದು ಉತ್ತರವಾಯಿತು.

* * *

ಲಾಗಿನ್ ಮಧುಕರ್ ಅವರದೇ. ಮಾರ್ಚ್ 17ರಂದು, ಸಿದ್ಧಾರೂಢ ಫೋನು ಮಾಡಿ ಬೇಡಿಕೊಂಡ ದಿನವೇ, ಆ ಕಡತ ತೆರೆದಿತ್ತು. ಇನ್ನೂ ಅಳಿಯದಿದ್ದ ಮುದ್ರಣವನ್ನು ಅವರು ಪೂರ್ತಿ ಕೇಳಿದ್ದರು. ತುಣುಕುಗಳನ್ನು ತಿದ್ದಿದರು. ಉಳಿದದ್ದು ತಾನಾಗಿ ಅಳಿಯಲು ಬಿಟ್ಟರು.

ಗುರುವಾರ ಜಡ್ಜ್ ಕೇಸನ್ನು ವಜಾ ಮಾಡಿದರು. ಸುಳ್ಳು ಪ್ರಮಾಣದ ತನಿಖೆಗೆ ಆದೇಶಿಸಿದರು. ಸಂಜೆಯೊಳಗೆ ಕಿನ್‌ವಾರ್ಡ್ ಹೇಳಿಕೆ ಹೊರಡಿಸಿತು. ಇದು ಒಬ್ಬ ವ್ಯಕ್ತಿಯ ಲೋಪ, ತಂತ್ರಜ್ಞಾನದ್ದಲ್ಲ. ಕೌಂಟಿಯೂ ಹೇಳಿಕೆ ಹೊರಡಿಸಿತು. ನಮಗೆ ಸಿಕ್ಕ ಮಾಹಿತಿಯ ಮೇಲೆ ನಾವು ಸದ್ಭಾವನೆಯಿಂದ ನಡೆದುಕೊಂಡೆವು. ಎರಡರಲ್ಲೂ ಲಾಸ್ಯಾಳ ಹೆಸರಿರಲಿಲ್ಲ. ಕ್ಷಮೆ ಎಂಬ ಪದವೂ ಇರಲಿಲ್ಲ. ವೋಟು ಮುಂದಕ್ಕೆ ಹೋಗಲಿಲ್ಲ. ನಿಗದಿಯಾದಂತೆ ಶುಕ್ರವಾರವೇ ನಡೆಯಿತು. ಬಿಲ್ಲೆಗಳು ಇಡೀ ಕೌಂಟಿಗೆ ಹೋಗುವುದೆಂದು ತೀರ್ಮಾನವಾಯಿತು.

"ಈ ವೋಟ್ ಚಾಲೆಂಜ್ ಮಾಡೋಣ," ಎಂದಳು ಹರ್ಷಿತಾ. "ಫೈಟ್ ಮಾಡೋಣ."

"ಮಾಡೋಣ," ಎಂದಳು ಮೆಹ್ರೀನ್. "ಮೊದಲು ಕೂಸನ್ನ ನೋಡ್ಕೊಂಡು ಬರ್ತೀನಿ."

ಲಾಸ್ಯಾ ಮರಳಿದ ಮರುದಿನ ಮಕ್ಕಳ ಡಾಕ್ಟರ ಬಳಿ ತೋರಿಸಬೇಕಿತ್ತು. ಮೆಹ್ರೀನಳೂ ಜೊತೆಗೆ ಹೋದಳು. ಮಗು ಅಳಲಿಲ್ಲ. ಯಾರೆತ್ತಿಕೊಂಡರೂ ಸುಮ್ಮನೆ ಹೋಗುತ್ತಿತ್ತು. ಅದನ್ನು ಕಂಡು ಸ್ನೇಹಲ್ ಗೋಡೆಯ ಕಡೆ ತಿರುಗಿ ನಿಂತಳು. ಮಗುವನ್ನು ಇಟ್ಟುಕೊಂಡಿದ್ದ ಮನೆಯವರು ಒಳ್ಳೆಯವರೇ ಅಂತೆ. ಮೂರು ಹೊತ್ತೂ ತಟ್ಟೆ ಇಟ್ಟರಂತೆ. ಮಗು ತಿನ್ನಲಿಲ್ಲವಂತೆ.

ನರ್ಸ್ ಅಂಗಿ, ಬೂಟು ಬಿಚ್ಚಿಸಿ ತಕ್ಕಡಿಯ ಮೇಲೆ ನಿಲ್ಲಿಸಿದಳು. ಪರದೆಯ ಮೇಲೆ ಅಂಕಿ ಅಲುಗಾಡಿ ನಿಂತಿತು. ಅವಳು ಹಳೆಯ ದಾಖಲೆ ತೆರೆದಳು. ಜನವರಿಯ ತಪಾಸಣೆಯಲ್ಲಿ ಹದಿಮೂರು ಕಿಲೋ ನೂರು ಗ್ರಾಮ್. ತಪ್ಪಿರಬಹುದೆಂದು ಮಗುವನ್ನು ಇಳಿಸಿ ಮತ್ತೊಮ್ಮೆ ನಿಲ್ಲಿಸಿದಳು.

ಹನ್ನೊಂದು ಕಿಲೋ ಎಂಟುನೂರು ಗ್ರಾಮ್.